ಸೂಪರ್‌ವೈಸರ್‌ಗೊಂದು ಜಾಮೀನು

ಸತ್ಯಮಂಗಲದ ಬೋಲ್ಟು ಕಾರ್ಖಾನೆಗೆ ಬಿಜಿತನೇ ಹೊಸ ಸೂಪರ್‌ವೈಸರ್ ಎಂದು ಜೊತೆ ಕೆಲಸಗಾರ ಬೆಟ್ಟಯ್ಯ ಟೀ ಅಂಗಡಿಯಲ್ಲಿ ಹೇಳಿದ್ದೇ ತಡ, ಹನುಮಂತರಾಜುವಿನ ಬಾಯಲ್ಲಿದ್ದ ಬನ್ನು ಗಂಟಲಿಗೆ ಇಳಿಯಲಿಲ್ಲ. ಗುಬ್ಬಿಯಿಂದ ಹದಿನೈದು ವರ್ಷ ಬಸ್ಸಿನಲ್ಲಿ ನೇತಾಡಿಕೊಂಡು ಬಂದವನು ತಾನು. ನಾಲ್ಕು ವರ್ಷದ ಹಿಂದೆ ಅಸ್ಸಾಮಿನಿಂದ ಬಂದವನು ತನ್ನ ಮೇಲೆ ಕೂರುವುದೆ? ಹೊಸ ಕಂಪ್ಯೂಟರ್ ಮೆಷಿನ್ನು ಬಿಜಿತನ ಮಾತನ್ನಷ್ಟೇ ಕೇಳುತ್ತಿತ್ತು, ನಿಜ. ಹನುಮಂತರಾಜು ಮುಟ್ಟಿದರೆ ಸಂತೆಯಲ್ಲಿ ಕಳೆದುಹೋದ ಮಗುವಿನಂತೆ ಕಿರುಚುತ್ತಿತ್ತು. ಆದರೆ ಹೊಟ್ಟೆಯುರಿಗೆ ನಿಜ ಕಟ್ಟಿಕೊಂಡು ಏನಾಗಬೇಕು?

ಏನಾದರೂ ಹುಳುಕು ಸಿಕ್ಕೀತೆಂದು ಬಿಜಿತನ ಬಳಿ ಹೋಗಿ, ಊರು ಯಾವುದು, ಅಪ್ಪ ಏನು ಮಾಡುತ್ತಾನೆ, ಮನೆಯಲ್ಲಿ ಯಾರ್‍ಯಾರು ಎಂದು ಪೊಲೀಸರಂತೆ ಕೇಳಿದ. ಊರು ಕೋಕ್ರಾಝಾರ್, ಅಪ್ಪನದು ಸೈಕಲ್ ರಿಪೇರಿ ಅಂಗಡಿ, ತಂಗಿ ನರ್ಸಿಂಗ್ ಓದುತ್ತಿದ್ದಾಳೆ. ಹುಳುಕು ಒಂದೂ ಇಲ್ಲ. ಉರಿ ಇನ್ನಷ್ಟು ಹೆಚ್ಚಿತು.

ಸೀದಾ ಮಾಲೀಕ ಲಕ್ಷ್ಮೀನರಸಿಂಹಯ್ಯನವರ ಎದುರು ನಿಂತ.

"ಅವ್ನ ಮೇಲೆ ನಂಗೇನೂ ಸಿಟ್ಟಿಲ್ಲ ಸಾರ್. ಮುಖ ನೋಡಿದ್ರೆ ನಮ್ ದೇಶದವ್ನೋ ಅಲ್ವೋ ಅನ್ಸುತ್ತೆ. ನಾಳೆ ಎದ್ದೋದ್ರೆ ಎಲ್ಲಿ ಹುಡ್ಕೋದು? ಇಲ್ಲಿಯೋರು ಯಾರಾದ್ರೂ ಜಾಮೀನು ಹಾಕ್ಲಿ."

ಬಿಜಿತನ ಆಧಾರ್ ಕಾರ್ಡನ್ನು ಎಂದೋ ನೋಡಿದ್ದ ಮಾಲೀಕರಿಗೂ ಅಳುಕು ಹತ್ತಿತು. ಸಂಜೆಯೊಳಗೆ ಜಾಮೀನು ಬರದಿದ್ದರೆ ಹುದ್ದೆ ಹನುಮಂತರಾಜುವಿಗೇ ಎಂದುಬಿಟ್ಟರು.

ಬಿಜಿತ್ ಜಾಮೀನಿನ ಕಾಗದ ಹಿಡಿದು ಹೊರಟ. ಹನುಮಂತರಾಜು ಅರ್ಧ ದಿನ ರಜೆ ಹಾಕಿ, ಮಜಾ ನೋಡಲು ಹಿಂದೆಯೇ ಹೋದ. ಬಟವಾಡಿ ಬಡಾವಣೆಯಲ್ಲಿ ಅವನಿದ್ದ ಬಾಡಿಗೆ ಮನೆಯ ಓನರ್ ಸರ್ವಮಂಗಳಮ್ಮ, ಹುಡುಗನೇನೋ ಬಂಗಾರ, ಆದರೆ ಸಹಿಗೆ ಕುಣಿಗಲ್ಲಿನಲ್ಲಿರುವ ಮಗನನ್ನು ಕೇಳಬೇಕು ಎಂದರು. ಮಗ ಫೋನೇ ಎತ್ತಲಿಲ್ಲ. ಮೊಬೈಲ್ ಅಂಗಡಿಯವನು ನೇಪಾಳದವರಿಗೆ ಸಹಿ ಹಾಕುವುದಿಲ್ಲವೆಂದ. ಅಸ್ಸಾಂ ಎಂದು ತಿಳಿಸಿದರೆ, ಎಲ್ಲಾ ಆ ಕಡೆಯದೇ ಎಂದ. ಮೆಸ್ಸಿನವನು ಸಾರು ನೋಡಿ ಬರುತ್ತೇನೆಂದು ಒಳಗೆ ಹೋದವನು ಹೊರಗೆ ಬರಲೇ ಇಲ್ಲ.

ಒಂದೊಂದು ನಿರಾಕರಣೆಯೂ ಹನುಮಂತರಾಜುವಿಗೆ ಒಂದೊಂದು ಹೋಳಿಗೆ ತಿಂದಷ್ಟು ರುಚಿಸಿತು. ಕೊನೆಗೆ ಬಿಜಿತ್ ಫುಟ್‌ಪಾತಿನ ಮೇಲೆ ಕುಳಿತು ಸಹಿ ಬೀಳದ ಆ ಕಾಗದವನ್ನು ನಿಧಾನವಾಗಿ ಮಡಚಿದಾಗ ಮಾತ್ರ ಎದೆಯಲ್ಲಿ ಏನೋ ಚುಚ್ಚಿತು. ಗ್ಯಾಸ್ ಇರಬೇಕು ಎಂದುಕೊಂಡ.

ಸಂಜೆ ಮಾಲೀಕರು ಇಬ್ಬರನ್ನೂ ಕರೆಸಿದರು. ಯಾರೂ ಸಿಗಲಿಲ್ಲವೇ ಎಂದು ಕೇಳಿದ್ದಕ್ಕೆ ಬಿಜಿತ್ ತಲೆ ಎತ್ತಿದ.

"ಒಬ್ರು ಇದಾರೆ ಸಾರ್, ಕೇಳೋಕೆ ಸಂಕೋಚ. ನಾಲ್ಕು ವರ್ಷದಿಂದ ಎಲ್ರೂ ನೇಪಾಳಿ ಅಂತಾನೇ ಕರೀತಾರೆ. ನಿಮ್ಮೂರ್ ಯಾವ್ದು, ಅಪ್ಪ ಏನ್ ಮಾಡ್ತಾರೆ ಅಂತ ಕೇಳಿದ್ದು ಹನುಮಂತರಾಜು ಅಣ್ಣ ಒಬ್ರೇ."

ಮಾಲೀಕರ ಕಣ್ಣು ತೇವವಾಯಿತು. ಸಿಟ್ಟಿಲ್ಲವೆಂದು ಬೆಳಗ್ಗೆ ತಾನೇ ಬಾಯಿಬಿಟ್ಟು ಹೇಳಿದ್ದ ಹನುಮಂತರಾಜು ಈಗ ಯಾವ ಬಾಯಲ್ಲಿ ಆಗುವುದಿಲ್ಲವೆಂದಾನು? ಸಹಿ ಬಿತ್ತು. ಆಮೇಲೆ ಮಾಲೀಕರು ಶರತ್ತು ಓದಿದರು: ಬಿಜಿತ್ ಬಾರದ ದಿನ ಆ ಮೆಷಿನ್ನು ನಡೆಸುವುದು ಜಾಮೀನುದಾರನ ಹೊಣೆ.

ಮರುದಿನ ಬಿಜಿತ್ ಬರುವುದು ಹತ್ತು ನಿಮಿಷ ತಡವಾಯಿತು. ಗೇಟಿನ ಹೊರಗೆ ಹನುಮಂತರಾಜು ರಸ್ತೆಯ ಆ ತುದಿ, ಈ ತುದಿ ನೋಡುತ್ತಾ ಬೆವರುತ್ತಿದ್ದ. ಅಂತೂ ಬಂದ ಹೊಸ ಸೂಪರ್‌ವೈಸರ್ ಒಂದು ಸೀನು ಸೀನಿದ.

"ಸ್ವೆಟರ್ ಹಾಕ್ಕೊಂಡ್ ಬರಕ್ಕೆ ಏನಪ್ಪಾ ನಿಂಗೆ?" ಎನ್ನುತ್ತಾ ಹನುಮಂತರಾಜು ಶುಂಠಿ ಟೀ ತರಲು ಓಡಿದ.