ರೊಟ್ಟಿ ಕೇಂದ್ರದ ಮುಖಪುಟ ಬಿಟ್ಟು ಕದಲದಿದ್ದ ಲಾರಾಬಾಯಿಯವರಿಗೆ

ಮಾನ್ಯರೇ,

ಕೊಪ್ಪಳ ತಾಲ್ಲೂಕು ಅಳವಂಡಿಯ ಯಮನೂರಮ್ಮ ಖಡಕ್ ರೊಟ್ಟಿ ಕೇಂದ್ರದ ವೆಬ್‌ಸೈಟ್ ನೋಡಿಕೊಳ್ಳುವವಳೂ, ಸದರಿ ಯಮನೂರಮ್ಮನವರ ಒಬ್ಬಳೇ ಸೊಸೆಯೂ ಆದ ಹೇಮಾವತಿ ಮಾಡುವ ನಮಸ್ಕಾರಗಳು. ನಾವೆಲ್ಲ ಇಲ್ಲಿ ಕ್ಷೇಮ. ತಮ್ಮ ಕ್ಷೇಮವನ್ನೂ ಕೇಳುವುದು ವಾಡಿಕೆ, ಆದರೆ ಕೇಳುವ ಅಗತ್ಯ ಕಾಣುತ್ತಿಲ್ಲ, ಏಕೆಂದರೆ ತಾವು ನಮ್ಮ ಮುಖಪುಟದ ನಟ್ಟನಡುವೆ ನಿಂತು ಹಗಲೂ ಇರುಳೂ ಒಂದೇ ಸಮನೆ ನಗುತ್ತಿದ್ದಿರಿ, ಮೇಲಿನ ಸಾಲಿನ ಹಲ್ಲು ಅಷ್ಟೂ ಕಾಣುತ್ತಿದ್ದವು, ಒಂದಕ್ಕೂ ಹುಳುಕಿರಲಿಲ್ಲ.

ತಾವು ಎಲ್ಲಿದ್ದಿರಿ, ಏನಾಗಿದ್ದಿರಿ ಎಂಬುದು ಪ್ರಾಯಶಃ ತಮಗೇ ಗೊತ್ತಿಲ್ಲವಾದ್ದರಿಂದ ಮೊದಲು ಅದನ್ನು ವಿನಯಪೂರ್ವಕ ಅರಿಕೆ ಮಾಡಿಕೊಳ್ಳುತ್ತೇನೆ. ಈಗಿನ ಕಾಲದಲ್ಲಿ ವೆಬ್‌ಸೈಟ್ ಬೇಕೆಂದವರು ಯಾರೂ ಬುನಾದಿ ತೋಡುವುದಿಲ್ಲ, ಗೋಡೆ ಬಾಗಿಲು ಸಮೇತ ಕಟ್ಟಿಟ್ಟ ಮನೆ ಸಿಗುತ್ತದೆ, ಅದಕ್ಕೆ ಥೀಮ್ ಎನ್ನುತ್ತಾರೆ. ಮನೆ ಖಾಲಿ ಕಾಣಬಾರದೆಂದು ಕಟ್ಟಿದ ಕಂಪನಿಯವರೇ ಯಾರದೋ ಫೋಟೊ, ಯಾರದೋ ಹೆಸರು, ಅರ್ಥವಿಲ್ಲದ ನಾಲ್ಕು ಸಾಲು ಬರಹ ಎಲ್ಲವನ್ನೂ ನಮೂನೆಗೆಂದು ತೂಗುಹಾಕಿರುತ್ತಾರೆ, ಕೀಲಿ ತೆಗೆದುಕೊಂಡವರು ಅವನ್ನು ಇಳಿಸಿ ತಮ್ಮವನ್ನು ಹಾಕಿಕೊಳ್ಳಬೇಕು. ಆ ನಮೂನೆಯ ಫೋಟೊ ತಾವು. ಹಣೆಯ ಮೇಲೆ ಗುಂಗುರು ಕೂದಲು, ಚೌಕಳಿ ಏಪ್ರನ್, ಕೈಯಲ್ಲಿ ಹಸಿ ಸೊಪ್ಪಿನ ಬೋಗುಣಿ, ಕೆಳಗೆ 'ಲಾರಾ, ಸಂಸ್ಥಾಪಕಿ ಮತ್ತು ಮುಖ್ಯ ಅಡುಗೆಗಾರ್ತಿ' ಎಂಬ ಬಿರುದು. ಬಿರುದಿನ ಕೆಳಗಿನ ಅರ್ಥವಿಲ್ಲದ ಸಾಲುಗಳನ್ನು ನಮ್ಮಲ್ಲಿ ರೊಟ್ಟಿ ಬಡಿಯಲು ಬರುವ ಉಡಚಮ್ಮನವರು ಯಾವುದೋ ಸ್ತೋತ್ರವೆಂದು ತಿಳಿದು ಕೈಮುಗಿದದ್ದೂ ಉಂಟು.

ತಮ್ಮನ್ನು ನಮ್ಮ ಮನೆಗೆ ಕರೆತಂದವನು ಗಂಗಾವತಿಯ ಯಂಕೇಶ. ವೆಬ್‌ಸೈಟ್ ಮಾಡಿಕೊಡುವುದು ಅವನ ಉದ್ಯೋಗ, ಅಕ್ಕಿ ಮಿಲ್ಲಿನಿಂದ ಹಿಡಿದು ಬ್ಯೂಟಿ ಪಾರ್ಲರಿನವರೆಗೆ ಎಲ್ಲರಿಗೂ ಒಂದೇ ಥೀಮ್ ಹಾಕಿ ಬಣ್ಣ ಮಾತ್ರ ಬದಲಿಸುವ ಜಾಣ. ಬಂದವನು ತಮ್ಮ ಫೋಟೊ ತೋರಿಸಿ, ಇಲ್ಲಿ ಅಮ್ಮಾರ ಫೋಟೊ ಹಾಕೋಣ್ರಿ ಎಂದ. ನಮ್ಮ ಅತ್ತೆ ಯಮನೂರಮ್ಮನವರು ಹಿಟ್ಟಿನ ಕೈಯಲ್ಲೇ ತಡೆದರು. ಮಾವನವರು ತೀರಿಕೊಂಡು ಎಷ್ಟೋ ವರ್ಷವಾಯಿತು, ಅಂದಿನಿಂದ ಅತ್ತೆಯವರ ಹಣೆ ಬರಿದು. ನಮಗೆ ಬರುವ ದೊಡ್ಡ ಆರ್ಡರುಗಳೆಲ್ಲ ಮದುವೆ ಮನೆಯವು. ಮದವಿ ಮನಿಯವ್ರು ಮೊದಲ ನೋಡೋ ಜಾಗಾದಾಗ ನನ್ನ ಬೋಳ ಹಣಿ ಬ್ಯಾಡವಾ ಎಂದರು, ಉಡಚಮ್ಮನವರು ಹಂಚಿನ ಮುಂದೆ ಕೂತೇ ಹೌದೆಂದು ತಲೆ ಆಡಿಸಿದರು. ಆಮೇಲೆ ಅತ್ತೆಯವರು ತಮ್ಮನ್ನು ಒಂದು ಗಳಿಗೆ ನೋಡಿ ತೀರ್ಪು ಕೊಟ್ಟರು: ಆಕಿ ಮುಂದ ಹಸಿ ತಪ್ಪಲ ಐತಿ, ಬಾಜೂಕ ರೊಟ್ಟಿ ಅಷ್ಟ ಕಡಿಮಿ, ಇರ್ಲಿ ಬಿಡು.

ಹಸಿ ಸೊಪ್ಪಿಗೆ ತಪ್ಪಲ ಎನ್ನುವ, ಅದನ್ನು ರೊಟ್ಟಿಯ ಪಕ್ಕ ಇಟ್ಟುಕೊಂಡು ಉಳ್ಳಾಗಡ್ಡಿಯೊಂದಿಗೆ ಕರಕರ ತಿನ್ನುವ ನಮ್ಮ ಸೀಮೆಯಲ್ಲಲ್ಲದೆ ಬೇರೆಲ್ಲಾದರೂ ತಮಗೆ ಇಂಥ ಮರ್ಯಾದೆ ಸಿಗುತ್ತಿತ್ತೇ, ತಾವೇ ಹೇಳಿ. ರೊಟ್ಟಿ ಜಾರಿ ತುಪ್ಪದಲ್ಲಿ ಬಿತ್ತು. ರೊಟ್ಟಿ ನಮ್ಮದು, ತುಪ್ಪ ತಮ್ಮದು.

ಅಂದಿನಿಂದ ತಮ್ಮ ಕೀರ್ತಿ ಬೆಳೆದ ಬಗೆಯನ್ನು ಯಾವ ಬಾಯಿಂದ ವರ್ಣಿಸಲಿ. ಕುಷ್ಟಗಿಯ ಗಿರಾಕಿಯೊಬ್ಬರು, ಪರದೇಶದ ಹೆಣ್ಣಮಗಳಾದರೂ ಏನ್ ಕೈರೀ ಆಕೀದು, ಹಪ್ಪಳಧಂಗ ಬಡಿತಾಳ ಎಂದು ಬರೆದು ಐದೂ ಚುಕ್ಕಿ ಕೊಟ್ಟರು. ಯಲಬುರ್ಗಾದಿಂದ ಒಬ್ಬ ತಾಯಿ ಫೋನು ಮಾಡಿ, ಮದುವೆಯ ವಯಸ್ಸಿಗೆ ಬಂದ ಮಗಳಿಗೆ ರೊಟ್ಟಿ ಬರುವುದಿಲ್ಲ, ಆ ಬಾಯಾರ ಫೋಟೊ ತೋರಿಸಿ ದಿನಾ ಬೈಯುತ್ತಿದ್ದೇನೆ ಎಂದರು. ಆ ಹುಡುಗಿಯ ಶಾಪ ತಮಗೆ ತಟ್ಟದಿರಲಿ. ಇಷ್ಟೆಲ್ಲ ಹೆಸರು ಪಡೆದ ಮೇಲೆ ಸಂಸ್ಥಾಪಕಿಯಾದ ತಾವು ಒಂದು ಮುಂಜಾನೆಯಾದರೂ ಪರದೆಯಿಂದ ಇಳಿದು ಬಂದು ಎಸರಿಗೆ ನೀರಿಟ್ಟು, ಹಿಟ್ಟು ನಾದಿ, ಒಲೆಯ ಹೊಗೆಗೆ ಕಣ್ಣು ಒರೆಸಿಕೊಂಡು, ಹಂಚಿನ ಮೇಲಿನ ರೊಟ್ಟಿಗೆ ಹಸಿ ಅರಿವೆಯಿಂದ ನೀರು ಸವರಿ ಬೆರಳು ಸುಟ್ಟುಕೊಂಡು, ಆಗಲೂ ಇದೇ ನಗು ನಕ್ಕು ತೋರಿಸಬೇಕೆಂದು ನನ್ನ ಪ್ರಾರ್ಥನೆ. ಬರುವಾಗ ಏಪ್ರನ್ ಬಿಟ್ಟು ಬನ್ನಿ, ಒಲೆಯ ಮುಂದೆ ಅದರ ದಾರ ನೇತಾಡುತ್ತದೆ.

ಮಾಡುವವರು ಯಾರೋ, ಮೆರೆಯುವವರು ಯಾರೋ ಎಂದು ನಾನು ಗೊಣಗಿದರೂ ಅತ್ತೆಯವರು ಬಹಳ ದಿನ ಏನೂ ಅನ್ನಲಿಲ್ಲ. ಗಂಗಾವತಿಯ ರಾಮಾಂಜನೇಯ ಎಂಬ ಹಿರಿಯರ ಮನೆಯ ಮದುವೆ ಬರುವವರೆಗೆ ಅನ್ನಲಿಲ್ಲ. ರೊಟ್ಟಿಯನ್ನು ನಾವು ಸಾಮಾನ್ಯವಾಗಿ ಬಸ್ಸಿನ ಕಂಡಕ್ಟರ ಕೈಗೆ ಕೊಟ್ಟು ಕಳಿಸುವುದು, ಆದರೆ ಅಷ್ಟು ದೊಡ್ಡ ಮನೆತನ, ರೊಟ್ಟಿ ಮುರಿದರೆ ಮಾನ ಹೋದೀತೆಂದು ಅತ್ತೆಯವರು ಸ್ವತಃ ಬುಟ್ಟಿಗಳನ್ನು ಮಕ್ಕಳಂತೆ ಮಡಿಲಲ್ಲಿಟ್ಟುಕೊಂಡು ಹೋದರು. ರಾಮಾಂಜನೇಯನವರು ಹಾರ ಹಿಡಿದು ಬಾಗಿಲಿಗೆ ಬಂದವರು ಅತ್ತೆಯವರ ಹಿಂದೆ ಇಣುಕಿ, ಲಾರಾ ಬಾಯಾರು ಬರ್ಲಿಲ್ಲೇನ್ರಿ ಎಂದು ಕೇಳಿ, ಬುಟ್ಟಿ ಹೊತ್ತ ಹೆಂಗಸಿಗೆ ಹಿಂದಿನ ಬಾಗಿಲಲ್ಲಿ ಚಹಾ ಕೊಡಿಸಿದರಂತೆ. ಪಾಪ, ಅವರದೇನೂ ತಪ್ಪಿಲ್ಲ, ಅವರು ಮುಖಪುಟ ನೋಡಿದ್ದರು. ಅತ್ತೆಯವರು ಚಹಾ ಕುಡಿಯದೆ ಬಂದರು. ಬಂದು ಚಪ್ಪಲಿ ಬಿಡುತ್ತಲೇ ಹೇಳಿದ್ದು ಒಂದೇ ಮಾತು, ಹೇಮಾ, ಆಕೀನ ತಗಿ, ಬೋಳ ಹಣಿನೋ ಎಂಥಾದೋ, ನನ್ನ ಮಾರಿ ಹಾಕು. ನನಗೆ ಸಿಟ್ಟು ಬಂತು, ಅದು ತಮ್ಮ ಮೇಲೆಯೇ ಎಂದು ಈ ಮೂಲಕ ತಿಳಿಸುತ್ತೇನೆ.

ಇನ್ನು ತಮ್ಮ ನಿಷ್ಠೆಯ ಗುಣಗಾನಕ್ಕೆ ಬರುತ್ತೇನೆ. ತಮ್ಮನ್ನು ತೆಗೆದೆ, ಅತ್ತೆಯವರ ಫೋಟೊ ಹಾಕಿದೆ, ಅತ್ತೆಯವರು ನೋಡಿ ಸೆರಗು ಸರಿಮಾಡಿಕೊಂಡರು, ಮರುವಾರ ಅಪ್‌ಡೇಟ್ ಎಂಬ ಗುಂಡಿ ಮಿನುಗಿತು, ಒತ್ತಿದೆ, ತಾವು ಮರಳಿ ಪ್ರತ್ಯಕ್ಷ. ಅಪ್‌ಡೇಟ್ ಎಂದರೆ ಮನೆ ಕಟ್ಟಿದವರು ದೂರದಿಂದಲೇ ಸುಣ್ಣ ಬಳಿದು ಕದಕ್ಕೆ ಹೊಸ ಚಿಲಕ ಹಾಕುವುದು, ಒತ್ತದಿದ್ದರೆ ಕಳ್ಳರು ನುಗ್ಗುತ್ತಾರೆ, ಒತ್ತಿದರೆ ತಾವು ನುಗ್ಗುತ್ತೀರಿ. ಮತ್ತೆ ತೆಗೆದೆ, ಮತ್ತೆ ಬಂದಿರಿ. ಒಮ್ಮೆಯಂತೂ ನನ್ನ ಕಂಪ್ಯೂಟರಿನಲ್ಲಿ ಅತ್ತೆ, ನನ್ನ ಯಜಮಾನ ಗೋವಿಂದರಾಜರ ಮೊಬೈಲಿನಲ್ಲಿ ತಾವು, ಇಬ್ಬರೂ ಏಕಕಾಲಕ್ಕೆ ಸಂಸ್ಥಾಪಕಿಯರಾಗಿದ್ದಿರಿ. ಯಜಮಾನರು ಯಾರ ಪಕ್ಷವೂ ವಹಿಸದೆ ಮೊಬೈಲನ್ನು ಅಂಗಿಯ ಕಿಸೆಗೆ ಇಳಿಬಿಟ್ಟು ಪಂಚಾಯ್ತಿ ಆಫೀಸಿಗೆ ಹೊರಟುಹೋದರು. ಯಂಕೇಶನಿಗೆ ಫೋನು ಮಾಡಿದರೆ ಜ್ವರಕ್ಕೂ ಕೆಮ್ಮಿಗೂ ಒಂದೇ ಗುಳಿಗೆ ಕೊಡುವ ವೈದ್ಯರಂತೆ, ರಿಫ್ರೆಶ್ ಮಾಡ್ರಿ ಅಕ್ಕಾರ ಎನ್ನುತ್ತಾನೆ. ಮಾಡಿದೆ. ಪ್ರತಿ ರಿಫ್ರೆಶ್‌ಗೂ ತಾವು ಇನ್ನಷ್ಟು ಫ್ರೆಶ್ಶಾಗಿ ನಕ್ಕಿರಿ.

ಗೋಳು ಕೇಳಿ ಕೇಳಿ ಬೇಸತ್ತ ಉಡಚಮ್ಮನವರು ಕಡೆಗೆ ಕಾರಣ ಕಂಡುಹಿಡಿದರು. ಇಷ್ಟು ದಿನ ಈ ಮನೆಯಲ್ಲಿದ್ದು ಈ ಮನೆಯ ಹೆಸರಿಗೆ ದುಡಿದ ಹೆಣ್ಣುಮಗಳನ್ನು ನಾವು ಮಡಿಲಿಗೆ ಅಕ್ಕಿ ಕುಪ್ಪಸ ತುಂಬದೆ ಬರೇ ಉಡಿಯಲ್ಲಿ ಅಟ್ಟುತ್ತಿದ್ದೇವೆ, ಆಕೆ ಹೆಂಗ ಹೋದಾಳು. ಇದನ್ನು ಕೇಳಿ ನಾನು ಬಿದ್ದು ಬಿದ್ದು ನಕ್ಕೆ, ಅತ್ತೆಯವರು ನಗಲಿಲ್ಲ. ಖರೇ ಐತಿ, ಹೋಗೋ ಹೆಣ್ಣಮಗಳ ಉಡಿ ಬರಿದಿರಬಾರದು ಎಂದರು. ಉಡಿ ತುಂಬುವುದು ಮುತ್ತೈದೆಯರಿಗೆ, ಆಗ ಎದ್ದ ತಕರಾರು, ತಮಗೆ ಮದುವೆಯಾಗಿದೆಯೋ ಇಲ್ಲವೋ. ಕೊರಳಲ್ಲಿ ಏನೂ ಇಲ್ಲ, ಕೈಯಲ್ಲಿ ಬಳೆ ಇಲ್ಲ, ಹಣೆಯಲ್ಲಿ ಕುಂಕುಮವಿಲ್ಲ, ಕಾಲುಂಗುರವಾದರೂ ಇದ್ದೀತೆಂದರೆ ಕಾಲೇ ಫೋಟೊದಲ್ಲಿಲ್ಲ. ರೊಟ್ಟಿ ಪ್ಯಾಕು ಮಾಡುವ ಶಾಹಜಾದಬಿಯವರು, ಅವ್ರ ದೇಶದಾಗ ಉಂಗುರ ಅಷ್ಟ ಇರ್ತೈತ್ರಿ, ಅದು ತಪ್ಪಲದಾಗ ಮುಚ್ಚೈತಿ ಎಂದು ರಾಜಿ ಮಾಡಿಸಿದರು.

ಹಾಗಾಗಿ ಒಂದು ಶುಕ್ರವಾರ ಬೆಳಿಗ್ಗೆ, ರೊಟ್ಟಿಯ ಕೆಲಸ ಮುಗಿದ ಮೇಲೆ, ತಮಗೆ ಉಡಿ ತುಂಬಲಾಯಿತು. ಮಾನಿಟರಿನ ಮುಂದೆ ರಂಗೋಲಿ. ಕೀಬೋರ್ಡಿನ ಮೇಲೆ ಹೊಸ ಕುಪ್ಪಸದ ಖಣ, ಅದರಲ್ಲಿ ಗಂಗಾವತಿ ಅಕ್ಕಿ, ಒಣ ಕೊಬ್ಬರಿ ಬಟ್ಟಲು, ಅರಿಶಿನ ಕೊಂಬು, ಎಲೆ ಅಡಿಕೆ. ಶಾಹಜಾದಬಿಯವರು ತಮ್ಮ ಬರಿಗೈಗೆಂದು ಹಸಿರು ಬಳೆ ತಂದಿದ್ದರು. ಉಡಚಮ್ಮನವರು ಶಾಸ್ತ್ರೋಕ್ತವಾಗಿ ಗಾಜಿನ ಮೇಲೆಯೇ, ಗುಂಗುರು ಕೂದಲು ಸರಿಸುವವರಂತೆ ಒಮ್ಮೆ ಸವರಿ, ತಮ್ಮ ಹಣೆಗೆ ಕುಂಕುಮ ಹಚ್ಚಿದರು. ಅತ್ತೆಯವರು ಇಂಥ ಕೆಲಸಕ್ಕೆ ಮುಂದೆ ಬರುವವರಲ್ಲ, ಹೊಸ್ತಿಲಾಚೆ ನಿಂತು, ಹೋಗಿ ಬಾರವಾ ಎಂದರು. ಆ ಹೊತ್ತಿಗೆ ನನಗೂ ನಗು ನಿಂತಿತ್ತು. ಅಕ್ಕಿ ಕಾಳು ಕೀಬೋರ್ಡಿನೊಳಗೆ ಇಳಿದು ಎಂಟರ್ ಗುಂಡಿ ಇಂದಿಗೂ ಒತ್ತಿದಾಗ ಕರಂ ಎನ್ನುತ್ತದೆ, ಅದರ ದುರಸ್ತಿಯನ್ನು ತಾವೇ ಮಾಡಿಸಿಕೊಡತಕ್ಕದ್ದು.

ಅದೇ ಗಳಿಗೆಗೆ ಯಂಕೇಶನ ಫೋನು ಬಂತು. ನಾನು ಮೂಲ ಥೀಮಿನಲ್ಲೇ ಕೈಯಾಡಿಸುತ್ತಿದ್ದುದರಿಂದ ಅಪ್‌ಡೇಟ್ ಬಂದಾಗಲೆಲ್ಲ ಅಳಿಸಿಹೋಗುತ್ತಿತ್ತಂತೆ, ಅದರ ಮರಿ ಥೀಮ್ ಒಂದು ಮಾಡಿಕೊಂಡು ಅದರಲ್ಲಿ ಫೋಟೊ ಹಾಕಿದರೆ ಯಾರೂ ಮುಟ್ಟುವುದಿಲ್ಲವಂತೆ. ಇಷ್ಟು ದಿನ ಈ ಮಾತನ್ನು ಯಾವ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದೆಯೋ ಮಾರಾಯ ಎಂದರೆ, ನೀವು ಕೇಳಲಿಲ್ಲಲ್ರೀ ಎಂದ. ಉಡಚಮ್ಮನವರು ಇದು ಉಡಿಯ ಫಲವೆಂದರು. ನಾನು ಮರಿ ಥೀಮ್ ಮಾಡಲು ಕೂತೆ.

ತಮ್ಮದೇ ಚೌಕಟ್ಟಿನಲ್ಲಿ, ತಮ್ಮದೇ ಅಳತೆಗೆ ಕತ್ತರಿಸಿ ಅತ್ತೆಯವರ ಫೋಟೊ ಏರಿಸಿ, ಎಂಟರ್ ಒತ್ತಿದೆ. ಕರಂ ಎಂದಿತು. ತಾವು ಹೋದಿರಿ. ತಮ್ಮ ಜಾಗದಲ್ಲಿ ಅತ್ತೆಯವರು ಬಂದು ಕೂತರು, ಕೈತುಂಬ ಹಿಟ್ಟು, ಮುಂದೆ ರೊಟ್ಟಿಯ ಗುಡ್ಡ, ತುಟಿ ಬಿಗಿದ ಮುಖ. ತಮ್ಮ ಹಣೆಗೆಂದು ಗಾಜಿನ ಮೇಲೆ ಹಚ್ಚಿದ ಕುಂಕುಮ ಮಾತ್ರ ಎಲ್ಲಿಗೂ ಹೋಗಿರಲಿಲ್ಲ. ಅದು ಇದ್ದಲ್ಲೇ ಇತ್ತು, ಅತ್ತೆಯವರ ಹಣೆಯ ನಡುವೆ.

ಅತ್ತೆಯವರು ಹೊಸ್ತಿಲು ದಾಟಿ ಒಳಗೆ ಬಂದು ನೋಡಿದರು, ಬಹಳ ಹೊತ್ತು ನೋಡಿದರು, ಆಮೇಲೆ ಸೆರಗಿನ ತುದಿ ಹಿಡಿದು ಗಾಜು ಒರೆಸಲು ಕೈ ಎತ್ತಿದರು. ಆ ಕೈಯನ್ನು ಹಿಡಿದವರು ಉಡಚಮ್ಮನವರು, ಬೋಳು ಹಣೆ ಮುಖಪುಟಕ್ಕೆ ಬೇಡವೆಂದಾಗ ಹೌದೆಂದು ತಲೆಯಾಡಿಸಿದ್ದ ಅದೇ ಉಡಚಮ್ಮನವರು. ಇರ್ಲಿ ಬಿಡಬೇ ಎಂದರು, ಅಷ್ಟೇ.

ಊರಿಗೆಲ್ಲ ಕಾಣುವುದು ಬರಿ ಹಣೆಯ ಯಮನೂರಮ್ಮನವರೇ. ಮದುವೆ ಮನೆಯ ಆರ್ಡರು ಅದರಿಂದ ಕಡಿಮೆಯಾಗಿಲ್ಲ, ಮೊನ್ನೆ ಇಟಗಿಯಿಂದ ಬಂದವರು ರೊಟ್ಟಿಗಿಂತ ಮೊದಲು ಅತ್ತೆಯವರ ಕಾಲು ಮುಟ್ಟಿದರು. ಕುಂಕುಮದ ಯಮನೂರಮ್ಮನವರು ನಮ್ಮ ಮನೆಯ ಈ ಒಂದು ಮಾನಿಟರಿನಲ್ಲಿ ಮಾತ್ರ ಇದ್ದಾರೆ. ಧೂಳು ಎಷ್ಟೇ ಕೂತರೂ ಅದನ್ನು ನಾನು ಒರೆಸುವುದಿಲ್ಲ, ಅತ್ತೆಯವರೂ ಒರೆಸು ಎಂದಿಲ್ಲ. ಆದ್ದರಿಂದ ತಮ್ಮ ಮೇಲೆ ಹೊರಿಸಿದ ಆರೋಪಗಳಲ್ಲಿ ಅರ್ಧವನ್ನು ಹಿಂತೆಗೆದುಕೊಂಡಿದ್ದೇನೆ. ಉಳಿದರ್ಧ ಹಾಗೇ ಇದೆ. ತಾವು ದಯವಿಟ್ಟು ಅಪ್‌ಡೇಟಿನ ಕಿಟಕಿಯಿಂದ ಮಾತ್ರ ಇನ್ನು ಬರಬಾರದು, ಊಟಕ್ಕಾದರೆ ಮುಂಬಾಗಿಲಿನಿಂದ ಯಾವಾಗ ಬೇಕಾದರೂ ಬನ್ನಿ, ತಪ್ಪಲ ಹೇಗೂ ತಮ್ಮ ಕೈಯಲ್ಲೇ ಇದೆ, ರೊಟ್ಟಿ ನಾವು ಕೊಡುತ್ತೇವೆ.

ತಮ್ಮನ್ನು ಉಡಿ ತುಂಬಿ ಕಳಿಸಿದ ಮನೆಯ,
ತಮ್ಮ ವಿಶ್ವಾಸಿ,
ಹೇಮಾವತಿ
ಅಳವಂಡಿ

ಮರೆತ ಮಾತು: ಗಂಗಾವತಿಯ ರಾಮಾಂಜನೇಯನವರು ನಿನ್ನೆ ಎರಡನೆಯ ಮಗಳ ಮದುವೆಗೆ ಆರ್ಡರು ಕೊಡಲು ಫೋನು ಮಾಡಿ, ಲಾರಾ ಬಾಯಾರು ಕಾಣವಲ್ಲರು, ಕೆಲಸ ಬಿಟ್ರೇನ್ರಿ ಎಂದು ಕಳವಳದಿಂದ ವಿಚಾರಿಸಿದರು. ನಾನು ಉತ್ತರ ಹುಡುಕುವಷ್ಟರಲ್ಲಿ ಅತ್ತೆಯವರು ಫೋನು ಕಸಿದುಕೊಂಡು, ಬಿಟ್ಟಿಲ್ರಿ, ನಾವ ಬಿಡಿಸಿದ್ವಿ, ಆಕಿಗೆ ರೊಟ್ಟಿ ಬಡಿಯಾಕ ಬರ್ತಿದ್ದಿಲ್ಲ ಎಂದು ಹೇಳಿ, ಈ ಸಲ ಚಹಾ ಮುಂದಿನ ಬಾಗಿಲಲ್ಲಿ ಕೊಡ್ರಿ ಎಂದೂ ಸೇರಿಸಿದರು. ತಮಗೆ ಬೇರೆಲ್ಲಾದರೂ ಕೆಲಸಕ್ಕೆ ನಮ್ಮಿಂದ ಶಿಫಾರಸು ಬೇಕಿದ್ದರೆ ಹಲ್ಲಿನ ಬಗ್ಗೆ ಮಾತ್ರ ಬರೆದುಕೊಡಬಲ್ಲೆವು.