ಜ್ವರ ನೋಡುವ ಕೈ

ನನಗೆ ಜ್ವರ ಬರುವುದು ಮೈಗಲ್ಲ, ತಲೆಗೆ ಎಂದು ನನ್ನ ಹೆಂಡತಿ ಗಿರಿಜಾ ನೆಂಟರಿಷ್ಟರೆದುರೇ ಹೇಳುತ್ತಾಳೆ. ಅದು ಸುಳ್ಳೆಂದು ಸಾಧಿಸಲು ನನ್ನಿಂದ ಇನ್ನೂ ಆಗಿಲ್ಲ. ಬೆಳಗಾದರೆ ಹಣೆ ಬಿಸಿ ಅನ್ನಿಸುತ್ತದೆ. ಏಳುತ್ತೇನೆ, ಮಲಗುತ್ತೇನೆ, ಮತ್ತೆ ಎದ್ದು ಅಡುಗೆಮನೆ ಬಾಗಿಲಲ್ಲಿ ನಿಲ್ಲುತ್ತೇನೆ. ಅವಳು ಒಗ್ಗರಣೆ ಹಾಕುತ್ತಲೇ ಕೈಯ ಹಿಂಬದಿಯನ್ನು ನನ್ನ ಕುತ್ತಿಗೆಗೆ ತಾಗಿಸಿ, "ಏನೂ ಇಲ್ಲ, ಹೋಗ್ರೀ," ಅನ್ನುತ್ತಾಳೆ. ಇಪ್ಪತ್ತೆರಡು ವರ್ಷದಿಂದ ಇದೇ ತೀರ್ಪು. ತವರೂರು ಕಡಬದಲ್ಲಿ ಅವರಮ್ಮ ಕರುವಿನ ಕಿವಿ ಮುಟ್ಟಿಯೇ ಜ್ವರ ಹೇಳುತ್ತಿದ್ದರಂತೆ. ಆ ವಿದ್ಯೆ ಮಗಳಿಗೆ ಬಂದಿದೆ. ಕರುವಿನ ಜಾಗಕ್ಕೆ ನಾನು ಬಂದಿದ್ದೇನೆ. ಥರ್ಮಾಮೀಟರ್ ಕೂಡ ಅವಳ ಪಕ್ಷವೇ.

ಹಾಗಾಗಿ ಕ್ಯಾತ್ಸಂದ್ರದ ಕಡೆ ನಾನು ಲ್ಯಾಬ್ ಅಸಿಸ್ಟೆಂಟ್ ಆಗಿರುವ ಕಾಲೇಜಿಗೆ ಒಂದು ರೋಬೋಟ್ ಕೈ ಬಂದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ನಮ್ಮ ಲ್ಯಾಬಿನ ಲೆಕ್ಚರರ್ ಶ್ವೇತಾ ಮೇಡಂ ಅದರ ಅಂಗೈಗೆ ತೆಳ್ಳನೆಯ ರಬ್ಬರಿನಂಥ ಚರ್ಮ ಅಂಟಿಸಿದ್ದರು. ಕತ್ತಲಲ್ಲಿ ಮುಟ್ಟಿದರೆ ಮುಟ್ಟಿದ ಜಾಗ ಹಸಿರಾಗಿ ಬೆಳಗುತ್ತದೆ; ಮುಟ್ಟಿದವರ ಮೈ ಮಾಮೂಲಿಗಿಂತ ಬಿಸಿಯಿದ್ದರೆ ಬೆಳಕು ಕೆಂಪಿಗೆ ತಿರುಗುತ್ತದೆ. "ಮೇಡಂ, ಅಂಗೈಗೆ ಹಚ್ಚಿದ್ರೆ ಸಾಲ್ದು. ನಮ್ ಕಡೆ ಜ್ವರ ನೋಡೋದು ಕೈ ಹಿಂದ್ಗಡೆಯಿಂದ," ಎಂದು ಅರ್ಧ ಗಂಟೆ ಪಾಠ ಮಾಡಿದೆ. ಪಾಪ, ಹಿಂಬದಿಗೂ ಅಂಟಿಸಿದರು.

ಮರುದಿನ ಆ ಕೈಗೆ ಹಣೆ ಕೊಡುವ ಆತುರದಲ್ಲಿ ಊಟದ ಡಬ್ಬಿಯನ್ನೇ ಮರೆತು ಓಡಿದೆ. ಕಿಟಕಿಯ ಪರದೆ ಎಳೆದು ಹಣೆ ಒತ್ತಿದೆ. ಹಸಿರು. ಕಾರಿಡಾರಿನಲ್ಲಿ ಎರಡು ಸುತ್ತು ಹಾಕಿ ಬಂದು ಮತ್ತೆ ಒತ್ತಿದೆ. ಹಸಿರು. ಐದನೇ ಸಲಕ್ಕೆ, "ಇದು ಕೆಟ್ಟೋಗಿದೆ ಮೇಡಂ," ಎಂದು ರೇಗಿಬಿಟ್ಟೆ.

ಅಷ್ಟರಲ್ಲಿ ಗಿರಿಜಾ ಡಬ್ಬಿ ಹಿಡಿದುಕೊಂಡು ಬಂದಳು. "ಬನ್ನಿ ಆಂಟಿ, ಇದನ್ನ ಮುಟ್ಟಿ ನೋಡಿ," ಎಂದರು ಮೇಡಂ. ಅವಳು ಅಳುಕುತ್ತಲೇ ಆ ಕೈ ಹಿಡಿದಳು. ಅವಳ ಬೆರಳು ತಾಗಿದ ಕಡೆಯೆಲ್ಲ ಕೆಂಪಗಾಯಿತು.

"ನೋಡಿ! ನಾನು ಹೇಳ್ಲಿಲ್ವಾ?" ಎಂದು ಕುಣಿದೆ.

ಮೇಡಂ ಗಿರಿಜಾಳ ಕುತ್ತಿಗೆ ಮುಟ್ಟಿದರು. "ಸರ್, ಮಿಷಿನ್ ಸರಿಯಾಗೇ ಇದೆ. ಆಂಟಿಗೆ ಮೈ ಸುಡ್ತಾ ಇದೆ."

"ಮೊನ್ನೆಯಿಂದ ಇದೆ ಬುಡಮ್ಮ," ಎಂದಳು ಗಿರಿಜಾ. "ನಮ್ಮನೇಲಿ ಒಬ್ರ ಜ್ವರ ನೋಡೋಕೇ ಹೊತ್ತು ಸಾಲಲ್ಲ."

ನಾಚಿಕೆಯಾಯಿತು, ಭಯವೂ ಆಯಿತು. ಆಟೋ ಹಿಡಿದು ಡಾಕ್ಟರ ಹತ್ತಿರ ಹೊರಟೆವು. ಅವಳು ಕಂಬಿಗೆ ತಲೆ ಆನಿಸಿ ಕಣ್ಣು ಮುಚ್ಚಿದ್ದಳು. ಜ್ವರ ನೋಡಲೆಂದು ಅವಳ ಹಣೆ ಮುಟ್ಟಿದ್ದು ಇಪ್ಪತ್ತೆರಡು ವರ್ಷದಲ್ಲಿ ಅದೇ ಮೊದಲು. ಎಷ್ಟು ಒತ್ತಿದರೂ ಬಿಸಿ ಎಷ್ಟೆಂದು ನನಗೆ ತಿಳಿಯಲಿಲ್ಲ.

ಗಿರಿಜಾ ಕಣ್ಣು ಬಿಡದೆಯೇ ನನ್ನ ಅಂಗೈ ಹಿಡಿದು ಮಗುಚಿದಳು.

"ಹಿಂಗಲ್ಲ ರೀ. ಕೈ ಹಿಂದ್ಗಡೆಯಿಂದ."