ಉಸಿರು ಸಾಲದ ಶಿಷ್ಯೆ

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವವರಿಗೆ ಈ ಲೋಕದಲ್ಲಿ ಅಂಥ ತೊಂದರೆಯೇನಿಲ್ಲ. ತೊಂದರೆಯೆಲ್ಲ ಅರ್ಧ ಗೊತ್ತಿರುವವರಿಂದ, ಅದರಲ್ಲೂ ನನ್ನಂತೆ ಪಾಠ ಹೇಳುವವರಿಂದ. ಚಾಮರಾಜನಗರದಲ್ಲಿ ಸಂಗೀತ ಹೇಳಿಕೊಡುತ್ತಾ ತಲೆ ನೆರೆಸಿಕೊಂಡವಳು ನಾನು. ಎಲ್ಲಿ ಏನೇ ಅಪಸ್ವರ ಬಂದರೂ ಅದು ಶಿಷ್ಯರದೇ ಎಂಬ ನಂಬಿಕೆ ನನಗೆ ರಕ್ತಗತವಾಗಿಬಿಟ್ಟಿದೆ.

ಪುಟ್ಟತಾಯಮ್ಮ ಗುಂಡ್ಲುಪೇಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿರುವಾಕೆ. ಐವತ್ತು ದಾಟಿದ ಮೇಲೆ ಸಂಗೀತದ ಆಸೆ ಹುಟ್ಟಿ, ಭಾನುವಾರ ಬಂತೆಂದರೆ ಬಸ್ಸು ಹತ್ತಿ ನಮ್ಮ ಮನೆಗೆ ಬರುತ್ತಿದ್ದರು. ಮಗಳು ಸುಧಾಳಿಗೆ ಮಗುವಾದರೆ ತೊಟ್ಟಿಲ ಶಾಸ್ತ್ರದಲ್ಲಿ ಎಲ್ಲರೆದುರು ತಾನೇ ಜೋಗುಳ ಹಾಡಬೇಕೆಂಬುದು ಆಕೆಯ ಹಂಬಲ. ಅಷ್ಟರಲ್ಲಿ ಮಂಡಿನೋವು ಶುರುವಾಗಿ ಬಸ್ಸಿನ ಮೆಟ್ಟಿಲು ಹತ್ತುವುದೇ ಕಷ್ಟವಾಯಿತು. "ಪಾಠ ಯಾಕೆ ನಿಲ್ಲಿಸ್ತೀರಿ, ಮೊಬೈಲಿನಲ್ಲೇ ಮಾಡೋಣ" ಎಂದವಳು ನಾನೇ.

ಮೈಕು, ಮೂರು ಕಾಲಿನ ಸ್ಟ್ಯಾಂಡು, ಬಳೆಯಾಕಾರದ ದೀಪ ಎಲ್ಲ ತರಿಸಿದೆ. ಆ ದೀಪ ಹೊತ್ತಿಸಿದರೆ ನನ್ನ ಮುಖ ಈಗಷ್ಟೇ ಕರಿದ ಹಪ್ಪಳದಂತೆ ಹೊಳೆಯುತ್ತಿತ್ತು. ಹಿಂದೆ ಒಣಹಾಕಿದ ಬಟ್ಟೆ ಕಾಣಬಾರದೆಂದು ರೇಷ್ಮೆ ಸೀರೆಯೊಂದನ್ನು ಪರದೆಯಾಗಿ ಕಟ್ಟಿದೆ. ಅದರಾಚೆ ಸ್ನಾನಕ್ಕೆ ಹೋದ ನಮ್ಮ ಯಜಮಾನರು ಪಾಠ ಮುಗಿಯುವವರೆಗೆ ಹೊರಗೆ ಬರುವಂತಿರಲಿಲ್ಲ. ಕುಕ್ಕರಿನ ಸೀಟಿ, ಸೊಪ್ಪಿನವಳ ಕೂಗು ಕೇಳಬಾರದೆಂದು ಮೊಬೈಲಿನಲ್ಲಿ ಹುಡುಕಿ ಹುಡುಕಿ ಅದೇನನ್ನೋ ಒತ್ತಿದೆ. ಪುಟ್ಟತಾಯಮ್ಮನಿಗೂ ಅದನ್ನೇ ಒತ್ತಿಸಿದೆ. ಗದ್ದಲವೆಲ್ಲ ಮಾಯ! ನನ್ನ ಜಾಣತನಕ್ಕೆ ನಾನೇ ತಲೆದೂಗಿದೆ.

ಆಮೇಲೆ ಶುರುವಾಯಿತು ನೋಡಿ. ಪುಟ್ಟತಾಯಮ್ಮ ಷಡ್ಜ ಹಿಡಿದರೆ ಅರ್ಧದಲ್ಲೇ ಕರಗಿಹೋಗುತ್ತಿತ್ತು.

"ಉಸಿರು ಸಾಲದು. ಸ್ವರ ಹಿಡಿದು ನಿಲ್ಲಿಸಿ."

"ನಿಲ್ಸಿದ್ನಲ್ಲಾ ಮೇಡಮ್ಮಾ!"

"ಎಲ್ಲಿ ನಿಲ್ಲಿಸಿದಿರಿ? ನನಗೇನು ಕಿವಿಯಿಲ್ಲವೇ?"

ಪಾಪ, ಆಕೆ ಪ್ರಾಣಾಯಾಮ ಮಾಡಿದರು. ನೋಯುವ ಮಂಡಿಯಲ್ಲೇ ಬಸ್ಸಿನಲ್ಲಿ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗಿ, ಉಸಿರು ಕೊಡಪ್ಪಾ ಎಂದು ಹರಕೆಯನ್ನೂ ಹೊತ್ತುಬಂದರು. ಅದನ್ನು ಕೇಳಿಯೂ ನಾನು, "ಪರವಾಗಿಲ್ಲ, ಆದರೂ ಸಾಲದು" ಎಂದೆ.

ಅಷ್ಟರಲ್ಲಿ ಸುಧಾಳಿಗೆ ಮಗುವಾಯಿತು. ತೊಟ್ಟಿಲ ಶಾಸ್ತ್ರದ ದಿನ ಗುಂಡ್ಲುಪೇಟೆಗೆ ಹೋದೆ. ಮಗುವನ್ನು ತೊಟ್ಟಿಲಿಗೆ ಹಾಕಿದರು. ಹೆಂಗಸರೆಲ್ಲ ಅಜ್ಜಿಯತ್ತ ತಿರುಗಿದರೆ, ಅಜ್ಜಿ ನನ್ನ ಹಿಂದೆ ಬಂದು ನಿಂತಿದ್ದರು.

"ಬ್ಯಾಡ ಬುಡಿ ಮೇಡಮ್ಮಾ. ಉಸ್ರು ಸಾಲ್ದು ಅಂತ ನೀವೇ ಏಳಿದ್ರಲ್ಲ. ನಾಕ್ ಜನದ ಮುಂದೆ ನಿಮ್ಗ್ಯಾಕೆ ಕೆಟ್ಟೆಸ್ರು?"

ಎಷ್ಟು ಹೇಳಿದರೂ ಕೇಳಲಿಲ್ಲ. ಕೊನೆಗೆ ಯಾರೋ ಮೊಬೈಲಿನಲ್ಲಿ ಒಂದು ಜೋಗುಳ ಹಾಕಿದರು. ನಡುವೆ ಜಾಹೀರಾತೂ ಬಂತು.

ಊಟ ಮುಗಿದು ನೆಂಟರೆಲ್ಲ ಹೊರಟ ಮೇಲೆ ಒಳಕೋಣೆಯಲ್ಲಿ ಮಗು ಅತ್ತಿತು. ಹಿಂದೆಯೇ ಪುಟ್ಟತಾಯಮ್ಮನ ದನಿ ಕೇಳಿಸಿತು. ನಾನು ಕಲಿಸಿದ್ದ ಅದೇ ಜೋಗುಳ. ಸ್ವರ ಎಲ್ಲೂ ಕಡಿಯದೆ, ಎಣ್ಣೆ ಸುರಿದಂತೆ, ಕೋಣೆ ತುಂಬ ಹರಿಯಿತು. ಬಾಯಲ್ಲಿದ್ದ ಎಲೆಯಡಿಕೆ ಅಗಿಯುವುದನ್ನು ಮರೆತು ನಿಂತೆ. ಕೇಳುವುದಕ್ಕೆ ಅಲ್ಲಿದ್ದದ್ದು ಆ ಕೂಸು, ಸುಧಾ, ನಾನು, ಅಷ್ಟೇ.

ಪಾಠದಲ್ಲಿ ಈ ದನಿ ಎಲ್ಲಿ ಹೋಗುತ್ತಿತ್ತು ಎಂದು ಸುಧಾಳನ್ನೇ ಕೇಳಿದೆ. ಆಕೆ ನನ್ನದೂ ಅಮ್ಮನದೂ ಎರಡೂ ಮೊಬೈಲು ತಿರುವಿ ನೋಡಿ ನಕ್ಕಳು. "ಸುತ್ತಲ ಸದ್ದು ತೆಗೆಯೋದನ್ನ ಒತ್ಬುಟ್ಟಿದ್ದೀರಿ ಮೇಡಂ. ಸ್ವರ ಒಂದೇ ಸಮ ಎಳೆದ್ರೆ ಅದನ್ನೂ ಫ್ಯಾನ್ ಸದ್ದು ಅನ್ಕಂಡು ಅಳಿಸ್ಬುಡ್ತದೆ."

ಒತ್ತಿದ್ದನ್ನು ತೆಗೆದಳು. ಆದರೆ ಕಳೆದುಹೋದ ಆ ಹೊತ್ತನ್ನು ಮರಳಿ ತರುವ ಗುಂಡಿ ಯಾವ ಮೊಬೈಲಿನಲ್ಲೂ ಇಲ್ಲವಲ್ಲ.

ಮುಂದಿನ ಭಾನುವಾರದ ಪಾಠದಲ್ಲಿ ಎಲ್ಲವೂ ಸ್ವಚ್ಛವಾಗಿ ಕೇಳಿಸಿತು. "ನನ್ನಿಂದ ದೊಡ್ಡ ತಪ್ಪಾಯ್ತು ಪುಟ್ಟತಾಯಮ್ಮ" ಎಂದೆ.

"ಅಯ್ಯೋ, ಬುಡಿ ಮೇಡಮ್ಮಾ" ಎಂದರು ಆಕೆ. "ನಿಮ್ ಸ್ವರಾನೂ ಅಂಗೇ ಅರ್ಧಕ್ಕೇ ಕಡಿದು ಓಗ್ತಿತ್ತು. ಪಾಪ, ಮೇಡಂಗೂ ವಯಸ್ಸಾಯ್ತು, ಏಳಿದ್ರೆ ನೊಂದ್ಕತರೆ ಅಂತ ಸುಮ್ಕಿದ್ದೆ."